ವಾಲಿಬಾಲ್ ಜೆರ್ಸಿಯ ಮೇಲೆ ಹಸೆ ಚಿತ್ತಾರ

ಆ ಸೆಕ್ರೆಟರಿ ನನ್ನ ಅಂಗಡಿಗೆ ಕಾಲಿಟ್ಟ ದಿನವೇ ಅವನನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿದ್ದರೆ ಇವತ್ತಿಗೂ ನನಗೆ ಈ ಸಂಕಟ ಇರುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ನಾನು ಸ್ಕ್ರೀನ್ ಪ್ರಿಂಟಿಂಗ್ ನಡೆಸುತ್ತಿದ್ದೆ. ನಮಗೆ ಕಾರು ಇರಲಿಲ್ಲ, ಶೆಡ್ಡು ಮಾತ್ರ ಇತ್ತು. ಬ್ಯಾನರ್, ಮದುವೆ ಚೀಲ, ಶಾಲೆ ಮಕ್ಕಳ ಟೀಶರ್ಟು, ಏನು ಬಂದರೂ ಅಚ್ಚು ಹಾಕುತ್ತಿದ್ದೆವು. ಜೊತೆಗೆ ಇದ್ದವರು ಒಬ್ಬರೇ, ಮಾಸ್ಟರ್. ಟಿಪ್ಪುನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹಿರಿಯರು. ಮೂವತ್ತು ವರ್ಷ ಇದೇ ಕೆಲಸ ಮಾಡಿ ಅವರ ಬಲಗೈ ಎಡಗೈಗಿಂತ ದಪ್ಪವಾಗಿತ್ತು.

ಸೆಕ್ರೆಟರಿ ಬಂದದ್ದು ಭದ್ರಾವತಿಯಿಂದ. ಅಲ್ಲಿನ ಫ್ಯಾಕ್ಟರಿ ಕ್ವಾರ್ಟರ್ಸಿನ ಹುಡುಗರದ್ದೊಂದು ವಾಲಿಬಾಲ್ ಕ್ಲಬ್ಬು, ಅದರ ಆಡಳಿತವೆಲ್ಲ ಅವನ ಕೈಯಲ್ಲಿ. ರಾಜ್ಯ ಮಟ್ಟದ ಟೂರ್ನಮೆಂಟಿಗೆ ಮೂರು ವಾರ ಇತ್ತು. ಕೆಂಪು ಪಾಲಿಯೆಸ್ಟರ್ ಜೆರ್ಸಿಗಳ ಮೂಟೆಯನ್ನು ಟೇಬಲ್ ಮೇಲೆ ದೊಪ್ಪೆಂದು ಹಾಕಿ, ಕೂರಿ ಅನ್ನುವ ಮೊದಲೇ ಕೂತ.

"ಮೇಡಂ, ಈ ಸಲ ಡಿಫರೆಂಟಾಗಿ ಹೋಗ್ಬೇಕು. ಹೋದ್ ವರ್ಷ ಕರಾವಳಿ ಟೀಮು ಎದೆ ಮೇಲೆ ಯಕ್ಷಗಾನದ ಕಿರೀಟ ಹಾಕ್ಕೊಂಡು ಬಂದಿತ್ತು. ಸೋತ್ರೂ ಪೇಪರ್‌ನಲ್ಲಿ ಅವ್ರದ್ದೇ ಫೋಟೋ. ನಮ್ ಜಿಲ್ಲೆದು ಅಂತ ಏನಾದ್ರೂ ಐತಾ, ನೋಡಿ."

ಹಸೆ ಚಿತ್ತಾರದ ಹೆಸರು ಹೇಳಿದವಳು ನಾನೇ. ನಮ್ಮ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂತೆಂದರೆ ಹೆಂಗಸರು ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಿಂದ ಚಿತ್ತಾರ ಬರೆಯುತ್ತಾರೆ. ಮದುಮಕ್ಕಳನ್ನು ಕೂರಿಸುವುದು ಆ ಗೋಡೆಯ ಮುಂದೆ. ಆಯನೂರು ದಾಟಿ ಒಂದು ಹಳ್ಳಿಯಲ್ಲಿ ಗೆಳತಿಯ ಮದುವೆಗೆ ಹೋಗಿದ್ದಾಗ ನಾನು ಊಟ ಬಿಟ್ಟು ಆ ಗೋಡೆ ನೋಡುತ್ತಾ ನಿಂತಿದ್ದೆ. ಕೆಂಪು ಜೆರ್ಸಿ, ಬಿಳಿ ಗೆರೆ. ನನಗೆ ಕಣ್ಣೆದುರೇ ಬಂತು.

"ಆದ್ರೆ ಅದನ್ನ ಬರೆಯೋರನ್ನ ಕೇಳಿ ಹಾಕ್ಬೇಕು," ಎಂದೆ.

"ಕೇಳ್ರೀ, ಅದ್ಕೇನಂತೆ," ಎಂದು ಕೈ ಬೀಸಿ ಹೋದ.

ಮಾರನೆಯ ದಿನವೇ ಸಾಗರದ ಬಸ್ಸು ಹತ್ತಿದೆ. ಆ ಗೋಡೆ ಬರೆದಿದ್ದವಳನ್ನು ಊರಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಲವತ್ತು ದಾಟಿದ, ಮಾತಿಗೆ ಮೊದಲು ಆಸಾಮಿಯನ್ನು ಅಳೆದು ನೋಡುವ ಹೆಂಗಸು. ನಾನು ವಿಷಯ ಹೇಳಿದ ಮೇಲೆ ಅವಳು ಕೇಳಿದ್ದೆಲ್ಲ ಕೆಲಸದ ಪ್ರಶ್ನೆಗಳೇ. ಬೆವರು ಹತ್ತಿದ್ರೆ ಹೋಗ್ತದಾ? ಒಗೆದ್ರೆ? ಬಿದ್ದು ಹೊರಳಾಡಿದ್ರೆ? ಎಲ್ಲದಕ್ಕೂ ಹೋಗುವುದಿಲ್ಲ ಎಂದೆ.

"ಗೋಡೆ ಮೇಲೆ ಬರೀತೀವಿ ಮಾರಾಯ್ತಿ. ನೆಂಟ್ರು ಬರ್ತಾರೆ, ಚೆನ್ನಾಗೈತೆ ಅಂತಾರೆ, ಉಣ್ತಾರೆ, ಹೋಗ್ತಾರೆ. ಮುಂದಿನ ಹಬ್ಬಕ್ಕೆ ಮತ್ತೆ ಕೆಮ್ಮಣ್ಣು ಬಳಿದ್ರೆ ಮುಗೀತು. ಬರೆದೋಳು ಯಾರು ಅಂತ ಇಷ್ಟು ವರ್ಷದಲ್ಲಿ ಒಬ್ರೂ ಕೇಳಿಲ್ಲ. ನಾ ಬರ್ಕೊಡ್ತೀನಿ. ಆದ್ರೆ ಬಟ್ಟೆ ಮೇಲೆ ನನ್ನ ಹೆಸ್ರು ಇರ್ಬೇಕು. ಸಣ್ಣಕ್ಕೇ ಇರ್ಲಿ, ಇರ್ಬೇಕು."

"ಖಂಡಿತ ಅಕ್ಕ," ಎಂದೆ. ಅವಳು ನಂಬಲಿಲ್ಲವೇನೋ ಎನ್ನಿಸಿ ಇನ್ನೊಂದು ಸಲ ಖಂಡಿತ ಎಂದೆ.

ದಪ್ಪ ಬಟ್ಟೆಗೆ ಕೆಮ್ಮಣ್ಣು ಬಳಿದು ಒಣಗಿಸಿ, ಪುಂಡಿ ನಾರಿನ ಕುಂಚದಲ್ಲಿ ಎರಡು ದಿನ ಕೂತು ಬರೆದಳು. ಮದುಮಕ್ಕಳ ಗೊಂಬೆಗಳನ್ನು ಬರೆಯಲಿಲ್ಲ. "ಅದು ಮದುವೆ ಗೋಡೆಗೆ. ಚೆಂಡಾಡೋ ಗಂಡಸ್ರಿಗೆ ಯಾಕೆ? ಎಳೆ ಸಾಕು, ಜಡೆ ಸಾಕು," ಎಂದಳು. ಎಳೆ ಅಂದರೆ ಸಾಲು ಸಾಲು ನೇರ ಗೆರೆ. ನಡುವೆ ಅಡ್ಡಲಾಗಿ ಹೋಗುವ ಹೆಣಿಗೆಯ ಪಟ್ಟಿಗೆ ಜೋಗಿಜಡೆ ಎನ್ನುತ್ತಾರೆ. ಕೊನೆಗೆ ಒಂದು ಚೀಟಿಯಲ್ಲಿ ತನ್ನ ಹೆಸರು, ಊರಿನ ಹೆಸರು ಬರೆದು ಕೊಟ್ಟಳು. ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರ, ಒತ್ತುಗಳೆಲ್ಲ ಗೆರೆಯಿಂದ ಕೆಳಗಿಳಿದಿದ್ದವು. ಹೀಗೇ ಅಚ್ಚಾಗಲಿ ಎಂದೆ. ನಾಚಿಕೊಂಡು ಚೀಟಿ ಕಸಿದುಕೊಂಡಳು, ಇನ್ನೊಂದು ಹೊಸ ಚೀಟಿಯಲ್ಲಿ ನಿಧಾನಕ್ಕೆ ಬರೆದು ಕೊಟ್ಟಳು.

ಮೊದಲ ತಪ್ಪು ನನ್ನದೇ. ಅಚ್ಚು ಹಾಕಲು ಚಿತ್ತಾರವನ್ನು ಪಾರದರ್ಶಕ ಫಿಲ್ಮಿನ ಮೇಲೆ ಕಪ್ಪು ಇಂಕಿನಲ್ಲಿ ಎಳೆಯಬೇಕು. ಆ ಫಿಲ್ಮನ್ನು, ಬೆಳಕಿಗೆ ಗಟ್ಟಿಯಾಗುವ ಮದ್ದು ಬಳಿದ ಜಾಲರಿ ಸ್ಕ್ರೀನಿಗೆ ಒತ್ತಿ, ಬೆಳಕಿಗೆ ಹಿಡಿದು ತೊಳೆದರೆ, ಗೆರೆ ಇದ್ದ ಕಡೆ ಮಾತ್ರ ಜಾಲರಿ ತೆರೆದುಕೊಳ್ಳುತ್ತದೆ, ಅಲ್ಲಿಂದ ಬಣ್ಣ ಇಳಿಯುತ್ತದೆ. ಎರಡೂ ಬದಿ ಒಂದೇ ಥರ ಇದ್ದರೆ ನಾವು ಪ್ರಿಂಟರುಗಳು ಅರ್ಧ ಮಾತ್ರ ಎಳೆದು, ಉಳಿದರ್ಧಕ್ಕೆ ಅದೇ ಫಿಲ್ಮಿನ ಪ್ರತಿಯನ್ನು ಮಗುಚಿ ಅಂಟಿಸುತ್ತೇವೆ. ನಾನೂ ಹಾಗೇ ಮಾಡಿದೆ. ಹಳೇ ಬಟ್ಟೆಯ ಮೇಲೆ ಹಾಕಿದ ಮೊದಲ ಅಚ್ಚು ನೋಡಿ ನನಗೆ ಹೆಮ್ಮೆಯೋ ಹೆಮ್ಮೆ.

ಬಂದು ನೋಡು ಎಂದು ಹೇಳಿಕಳಿಸಿದ್ದೆ. ಅಕ್ಕ ಬಸ್ಸಿಳಿದು ಬಂದಳು. ಅಚ್ಚನ್ನು ಒಂದು ನಿಮಿಷ ನೋಡಿ, "ಇದು ನಂದಲ್ಲ," ಎಂದಳು.

"ಎರಡೂ ಕಡೆ ನಿಂದೇ ಗೆರೆ ಅಲ್ವಾ ಅಕ್ಕ?"

"ನಿನ್ನ ಜಡೆ ನೀನೇ ಹೆಣಕೊಳ್ತೀಯಲ್ಲ, ಗೊತ್ತಿಲ್ವಾ? ಬಲಗಡೆದು ಒಂದ್ಸಲ ಮೇಲೆ, ಎಡಗಡೆದು ಒಂದ್ಸಲ ಮೇಲೆ. ಇಲ್ನೋಡು, ನಡುಮಧ್ಯ ಎರಡೂ ಎದುರುಬದುರು ಬಂದು ಡಿಕ್ಕಿ ಹೊಡ್ಕೊಂಡು ನಿಂತಿದಾವೆ. ಜಡೆ ಕಡಿದುಹೋಗೈತೆ. ಇದಕ್ಕೆ ನನ್ನ ಹೆಸ್ರು ಹಾಕ್ಬೇಡ."

ನೋಡಿದೆ. ಮಗುಚಿದ ಫಿಲ್ಮು ಹೆಣಿಗೆಯ ಸರದಿಯನ್ನೇ ಮುರಿದಿತ್ತು. ಒಪ್ಪಿಕೊಳ್ಳಲು ಇಷ್ಟವಿಲ್ಲದೆ ಯಾರು ಅಷ್ಟು ಹತ್ತಿರದಿಂದ ನೋಡ್ತಾರೆ ಎಂದು ಗೊಣಗಿದೆ. "ನಾನು ನೋಡ್ತೀನಿ," ಎಂದಳು. ಮಾಸ್ಟರ್ ಬೆನ್ನು ತಿರುಗಿಸಿಕೊಂಡು ನಗುತ್ತಿದ್ದರು. ಸಿಟ್ಟಿನಲ್ಲೇ ಫಿಲ್ಮು ಹರಿದು ಹಾಕಿ, ನಾಲ್ಕು ದಿನ ಕೂತು ಇಡೀ ಚಿತ್ತಾರವನ್ನು ಈ ತುದಿಯಿಂದ ಆ ತುದಿಗೆ ಎಳೆದೆ. ಕತ್ತು ಹಿಡಿದುಕೊಂಡಿತು.

ಎರಡನೆಯ ಪೆಟ್ಟು ಆ ದರಿದ್ರ ಪಾಲಿಯೆಸ್ಟರಿನದು. ಐದು ಜೆರ್ಸಿಗೆ ಬಿಳಿ ರಬ್ಬರ್ ಇಂಕು ಹಾಕಿ, ಹೀಟರಿನ ಕೆಳಗೆ ಒಣಗಿಸಿ ಮಡಚಿಟ್ಟೆವು. ಸಂಜೆ ಹಾಲಿನಂತಿದ್ದ ಗೆರೆಗಳು ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಬಟ್ಟೆಯ ಕೆಂಪು ಬಿಸಿಗೆ ಬಿಟ್ಟುಕೊಂಡು ಮೇಲಿನ ಬಿಳಿಯೊಳಕ್ಕೆ ಏರಿಬಿಟ್ಟಿತ್ತು. ಅದೇ ಹೊತ್ತಿಗೆ ಸೆಕ್ರೆಟರಿಯ ಫೋನು. ನಿಜ ಹೇಳಿದ್ದು ನನ್ನ ಕರ್ಮ.

"ಪಿಂಕಾ? ನಮ್ ಹುಡುಗ್ರು ಪಿಂಕ್ ಹಾಕ್ಕೊಂಡು ಕೋರ್ಟಿಗಿಳೀಬೇಕಾ? ಕೆಲ್ಸ ಬರಲ್ಲ ಅಂದ್ರೆ ಮೊದ್ಲೇ ಹೇಳ್ಬೇಕಮ್ಮ. ಮನೆ ಶೆಡ್ಡಿನಲ್ಲಿ ಮಾಡೋರ ಹತ್ರ ಕೊಟ್ಟಿದ್ದು ನಂದೇ ತಪ್ಪು."

"ಬಟ್ಟೆ ತಂದಿದ್ದು ನೀವು. ಕಾಟನ್ ತನ್ನಿ ಅಂತ ಮೂರು ಸಲ ಬಡ್ಕೊಂಡೆ," ಎಂದೆ. ಅಷ್ಟರಲ್ಲಿ ಫೋನಿಟ್ಟಿದ್ದ. ನಾನು ರಿಸೀವರನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ಒಳಗಿಂದ ನನ್ನ ಗಂಡ ಎದ್ದು ಬಂದರು.

ದಾರಿ ತೋರಿಸಿದ್ದು ಮಾಸ್ಟರ್. "ಯಾಕ್ ಕೂಗಾಡ್ತೀರಿ ಮೇಡಂ? ಕೆಂಪು ಬಿಳಿಗೆ ಹತ್ತುತ್ತೆ, ಕಪ್ಪಿಗೆ ಏನ್ ಮಾಡುತ್ತೆ? ಕೆಳಗೆ ಕಪ್ಪು ಒಂದು ಕೋಟ್ ಹೊಡೆಯೋಣ. ಅದರ ಮೇಲೆ ಬಿಳಿ ಎರಡು ಸಲ. ಕೆಂಪು ಅಲ್ಲೇ ಬಂದ್," ಎಂದರು. ಆದರೆ ಬಿಳಿಯ ಅಂಚಿನಲ್ಲಿ ಕಪ್ಪು ಒಂದಿಷ್ಟು ಇಣುಕಿಯೇ ಇಣುಕುತ್ತದೆ. ಅಕ್ಕ ಒಪ್ಪದಿದ್ದರೆ ಮುಗಿಯಿತು. ಕಪ್ಪು ಹಾಕಿದ ಒಂದು ತುಂಡು ಬಟ್ಟೆ ಹಿಡಿದುಕೊಂಡು ಮತ್ತೆ ಅವಳ ಊರಿಗೆ ಹೋದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ.

ಅವಳು ತುಂಡನ್ನು ಬಿಸಿಲಿಗೆ ಹಿಡಿದಳು. "ಕಪ್ಪು ನಮ್ದೇ. ಅಕ್ಕಿನ ಕರ್ರಗೆ ಹುರಿದು ಮಾಡ್ತೀವಿ. ಹೆದರ್ಕೊಂಡು ಬಂದ್ಯಾ?" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಎಲ್ಲ ಮುಗಿದ ಮೇಲೆ ಗುರುವಾರ ಬರ್ತೀನಿ. ಹೆಸ್ರು ಹಾಕಿದ್ದನ್ನ ನೋಡ್ಬೇಕು," ಎಂದಳು.

ಒಂದು ಜೆರ್ಸಿಗೆ ಮೂರು ಸಲ ಸ್ಕ್ರೀನು ಇಳಿಯಬೇಕು, ಮೂರೂ ಸಲ ಒಂದೇ ಜಾಗಕ್ಕೆ. ಹಲಗೆಗೆ ಗೋಂದು ಬಳಿದು ಜೆರ್ಸಿಯನ್ನು ಸುಕ್ಕಿಲ್ಲದೆ ಅಂಟಿಸಿ, ಕಪ್ಪು ಎಳೆದು, ಅದನ್ನು ಕದಲಿಸದೆ ಒಣಗಿಸಿ, ಬಿಳಿ ಎಳೆದು, ಮತ್ತೆ ಒಣಗಿಸಿ, ಮತ್ತೆ ಬಿಳಿ. ಒಂದು ದಾರದಷ್ಟು ಸರಿದರೂ ಗೆರೆ ಎರಡಾಗಿ ಕಾಣುತ್ತದೆ. ನಡುವೆ ಕರೆಂಟು ಕೈಕೊಡುತ್ತಿತ್ತು. ಮಾಸ್ಟರ್ ಎಳೆಯುವಾಗ ಉಸಿರು ಬಿಡುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ. ಎದೆಯ ಮೇಲೆ ಚಿತ್ತಾರ, ಕೆಳಗೆ ಎಡ ಅಂಚಿನಲ್ಲಿ ಅವಳ ಕೈಬರಹದಲ್ಲೇ ಹೆಸರು ಮತ್ತು ಊರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಮುಗಿದವು. ಹಗ್ಗಕ್ಕೆ ಸಾಲಾಗಿ ನೇತುಹಾಕಿದೆವು. ಮಾಸ್ಟರ್ ದೂರ ನಿಂತು ನೋಡಿ, "ಮೂವತ್ತು ವರ್ಷದಲ್ಲಿ ಇಂಥ ಮಾಲು ಹೊಡೆದಿಲ್ಲ ಮೇಡಂ," ಎಂದರು. ಖುಷಿಗೆ ನನ್ನ ಕಣ್ಣು ತುಂಬಿ ಬಂತು.

ಆಗ ಬಂದ ಸೆಕ್ರೆಟರಿ. ಜೊತೆಗೆ ಟೀಮಿನ ಕ್ಯಾಪ್ಟನ್ನು, ಭದ್ರಾವತಿಯ ತಮಿಳು ಮನೆಯ ಎತ್ತರದ ಆಳು. ಕ್ಯಾಪ್ಟನ್ ಹಗ್ಗದ ಹತ್ತಿರ ಹೋಗಿ ಬೆರಳಿನಿಂದ ಗೆರೆ ಮುಟ್ಟಿ, "ಎನ್ನ ಮೇಡಂ ಇದು, ಸೂಪರ್," ಎಂದು ತಮಿಳು ಬೆರೆಸಿ ಹೇಳಿದ. ಸೆಕ್ರೆಟರಿಯ ಕಣ್ಣು ಮಾತ್ರ ಅಂಚಿಗೆ ಹೋಯಿತು.

"ಇದ್ಯಾರ ಹೆಸ್ರು?"

"ಬರೆದೋರ ಹೆಸ್ರು. ಮೊದ್ಲೇ ಹೇಳಿದ್ನಲ್ಲ, ಕೇಳಿ ಹಾಕ್ಬೇಕು ಅಂತ. ಅವಳು ಕೇಳಿದ್ದು ಇದೊಂದೇ."

"ಏನ್ರೀ ತಮಾಷೆ ಮಾಡ್ತೀರಾ? ಆ ಜಾಗ ಸ್ಪಾನ್ಸರ್‌ಗೆ. ಪೈಪಿನ ಅಂಗಡಿಯವ್ರಿಗೆ ಮಾತು ಕೊಟ್ಟಿದೀನಿ. ಯಾವ್ದೋ ಹಳ್ಳಿ ಹೆಂಗಸಿನ ಹೆಸ್ರು ಹೊತ್ಕೊಂಡು ನಮ್ ಹುಡುಗ್ರು ಆಡ್ಬೇಕಾ? ಎದುರು ಟೀಮಿನೋರು 'ಇದ್ಯಾರೋ ನಿನ್ನ ಹೆಂಡ್ತಿನಾ' ಅಂತ ಕಿಚಾಯಿಸಲ್ವಾ? ಕೆಂಪು ಪಟ್ಟಿ ಹೊಡೆದು ಮುಚ್ಚಿ. ಮೇಲೆ ಪೈಪಿನ ಅಂಗಡಿ ಹಾಕಿ."

"ಆಗಲ್ಲ."

"ಆಗಲ್ಲಾ ಅಂದ್ರೆ ಆ ಫಿಲ್ಮು ಕೊಡಿ. ಬೆಂಗಳೂರಲ್ಲಿ ಹಾಕಿಸ್ಕೋತೀನಿ. ಗೆರೆ ಎಳೆದಿದ್ದಕ್ಕೆಲ್ಲ ಹೆಸ್ರು ಹಾಕ್ತಾ ಕೂತ್ರೆ ಆಯ್ತು. ಬರೆದಿರೋದು ಏನ್ ಮಹಾ, ರಂಗೋಲಿ ತಾನೆ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಮನೆಯವರಿಗೆಲ್ಲ ಗೊತ್ತು. ಅವತ್ತು ಅದು ನೆತ್ತಿಗೇರಿತು. ರಂಗೋಲಿ ಅಂದನಲ್ಲ. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಗಿರಾಕಿ ಬೇಡ ಎಂದ ಮಾಲನ್ನು ಹಾಗೇ ಇಡಬಾರದು. ಹೊರಗೆ ಹೋದರೆ ಯಾರೋ ನಕಲು ಹೊಡೆಯುತ್ತಾರೆ, ಬಜಾರಿನಲ್ಲಿ ಸೆಕೆಂಡ್ಸ್ ಎಂದು ಕಡಿಮೆ ಬೆಲೆಗೆ ನೇತಾಡುತ್ತದೆ. ಕತ್ತರಿಸಿ ಚಿಂದಿ ಮಾಡಬೇಕು, ಸ್ಕ್ರೀನು ತೊಳೆಯಬೇಕು. ಗುಲಾಬಿಯಾದ ಐದನ್ನೂ ನಾನು ಹಾಗೇ ಕತ್ತರಿಸಿದ್ದೆ.

"ಕೊಡ್ತೀನಿ ಇರಿ," ಎಂದು ದೊಡ್ಡ ಕತ್ತರಿ ತಗೊಂಡೆ. ಮೊದಲು ಫಿಲ್ಮು. ಅವನ ಮುಖದೆದುರೇ ನಾಲ್ಕು ತುಂಡು. ಆಮೇಲೆ ಹಗ್ಗದಿಂದ ಒಂದೊಂದೇ ಜೆರ್ಸಿ ಎಳೆದು ಎದೆಯ ನಡುವಿನಿಂದ ಕತ್ತರಿಸಿದೆ. ಮಾಸ್ಟರ್ "ಮೇಡಂ, ಒಂದ್ನಿಮಿಷ, ಒಂದ್ನಿಮಿಷ," ಎನ್ನುತ್ತಿದ್ದರು. ನನಗೆ ಯಾರ ನಿಮಿಷವೂ ಬೇಡವಾಗಿತ್ತು. ಸೆಕ್ರೆಟರಿ ಬಾಯಿಗೆ ಬಂದಂತೆ ಬೈದ, ನಾನೂ ಬೈದೆ. ಅವನಿಗಿಂತ ಹೆಚ್ಚೇ ಬೈದೆ. ನಮ್ಮ ಪಕ್ಕದ ಕ್ಲಿನಿಕ್ಕಿಗೆ ಬಂದಿದ್ದ ಜನ ಗೇಟಿನ ಹತ್ತಿರ ನಿಂತರು. ಹನ್ನೆರಡೂ ಮುಗಿದ ಮೇಲೆ ಸ್ಕ್ರೀನನ್ನು ಅಂಗಳಕ್ಕೆ ಒಯ್ದು ಬ್ಲೀಚಿಂಗ್ ಪುಡಿ ಸುರಿದು ಪೈಪು ಬಿಟ್ಟೆ. ಜೋಗಿಜಡೆ ನೀರಾಗಿ ಚರಂಡಿಗೆ ಹೋಯಿತು. ಸೆಕ್ರೆಟರಿ ಉಳಿದ ಖಾಲಿ ಜೆರ್ಸಿಗಳ ಮೂಟೆ ಹೊತ್ತು, ನಿನ್ನ ಅಂಗಡಿ ಹೇಗೆ ನಡೆಯುತ್ತೆ ನೋಡ್ತೀನಿ ಎಂದು ಹೊರಟ. ನೋಡ್ಕೋ ಹೋಗು ಎಂದೆ. ಎಷ್ಟೋ ವರ್ಷಗಳಿಂದ ಅಷ್ಟು ಹಗುರ ಅನ್ನಿಸಿರಲಿಲ್ಲ.

ಕ್ಯಾಪ್ಟನ್ ಮಾತ್ರ ಗೇಟಿನವರೆಗೆ ಹೋಗಿ ವಾಪಸ್ ಬಂದ. ನೆಲದ ಮೇಲಿದ್ದ ಒಂದು ತುಂಡು ಎತ್ತಿ ನೋಡಿ ಕೆಳಗಿಟ್ಟ.

"ಅವ್ರು ಹಂಗೇ ಮೇಡಂ, ಕೂಗ್ತಾರೆ. ಆಟ ಆಡೋದು ನಾವು. ಹನ್ನೆರಡು ಜನ ಇದೇ ಬೇಕು ಅಂತ ಕೂತಿದ್ರೆ ಏನ್ ಮಾಡ್ತಿದ್ರು? ಬಸ್ ಹತ್ತೋ ತನಕ ಟೈಮಿತ್ತು. ನಾನ್ ಮಾತಾಡ್ತಿದ್ದೆ. ನಮ್ಗೇನ್ ನಾಚ್ಕೆ ಇರ್ಲಿಲ್ಲ ಮೇಡಂ, ಆ ಹೆಸ್ರಿಗೆ."

"ಮೊದ್ಲೇ ಬಾಯಿ ಬಿಡಕ್ಕೇನಾಗಿತ್ತು?" ಎಂದು ಅವನ ಮೇಲೂ ಹಾರಿದೆ.

"ನೀವು ಮಾತಾಡಕ್ಕೆ ಬಿಟ್ಟಿದ್ರಲ್ವಾ," ಎಂದು ಹೊರಟುಹೋದ.

ಆ ಮಾತನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಅಕ್ಕನ ಮರ್ಯಾದೆ ಉಳಿಸಿದೆ ಎಂದು. ಅವಳು ಗುರುವಾರ ಬರುವವರೆಗೆ ಕಾಯುವಷ್ಟು ತಾಳ್ಮೆಯೂ ಇರಲಿಲ್ಲ. ಗುರುವಾರ ಬೆಳಗ್ಗೆಯ ಮೊದಲ ಬಸ್ಸಿಗೇ ಹೊರಟೆ. ಅವಳು ಒಳ್ಳೆಯ ಸೀರೆ ಉಟ್ಟು, ಶಿವಮೊಗ್ಗಕ್ಕೆ ಹೊರಡಲು ತಯಾರಾಗಿ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, "ನೀನೇ ತಂದ್ಯಾ?" ಎಂದು ನನ್ನ ಚೀಲದ ಕಡೆ ನೋಡಿದಳು.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಸೆಕ್ರೆಟರಿ ಆಡಿದ್ದು, ನಾನು ಆಡಿದ್ದು, ಕತ್ತರಿ, ಬ್ಲೀಚಿಂಗ್ ಪುಡಿ. ಅವನ ಮುಖ ಹೇಗಾಗಿತ್ತು ಅಂತಲೂ ಅಭಿನಯ ಮಾಡಿ ತೋರಿಸಿದೆ. ಭೇಷ್ ಅನ್ನುತ್ತಾಳೆ ಎಂದುಕೊಂಡಿದ್ದೆ.

"ಎಷ್ಟು ಆಗಿದ್ವು?" ಎಂದು ಕೇಳಿದಳು.

"ಹನ್ನೆರಡು."

"ಹನ್ನೆರಡರಲ್ಲೂ ಹೆಸ್ರು ಬಿದ್ದಿತ್ತಾ?"

"ಹೂಂ. ನೀನು ಬರೆದಂಗೇ, ನಿನ್ನ ಅಕ್ಷರದಲ್ಲೇ."

"ಒಂದೂ ಇಟ್ಟಿಲ್ವಾ?"

ಇಲ್ಲ ಎಂದೆ. ಅವರಿಗೆ ಒಂದೂ ಸಿಗಬಾರದು ಅಂತ, ಎಂದೆ. ಆ ಮಾತು ನನ್ನ ಬಾಯಿಯಿಂದ ಹೊರಬೀಳುವಾಗಲೇ ನನಗೆ ಬೇಡವಾಗಿತ್ತು.

"ಅವ್ನು ಹೆಸ್ರು ಮುಚ್ಚು ಅಂದ. ನೀನು ಬಟ್ಟೆನೇ ಹರಿದೆ. ಅವ್ನಿಗೆ ನನ್ನ ಮುಖ ಗೊತ್ತಿಲ್ಲ, ಹೋಗ್ಲಿ. ನಿಂಗೆ ಬಸ್ಸು ಗೊತ್ತಿತ್ತಲ್ಲೇ? ಒಂದು ಮಾತು ಕೇಳ್ಕೊಂಡು ಹೋಗಿ ಆಮೇಲೆ ಕತ್ತರಿ ಹಿಡೀಬೇಕಿತ್ತು."

"ಸಿಟ್ಟು ಬಂತು ಅಕ್ಕ. ಅವನು ರಂಗೋಲಿ ಅಂದ—"

"ಅವ್ನು ಏನಾದ್ರೂ ಅಂತಿದ್ದ. ನಾ ನೋಡೇ ಇರ್ಲಿಲ್ವಲ್ಲೇ ಅದನ್ನ. ಹೆಂಗಿತ್ತು ಅಂತ ನಂಗೆ ಗೊತ್ತೇ ಇಲ್ವಲ್ಲ."

ಅವಳು ಎದ್ದು ಒಳಗೆ ಹೋದಳು. ಕ್ಷಮಿಸು ಅಂತ ಕೂಗಿ ಹೇಳಿದೆ. ಹೇಗಿತ್ತು ಅಂತಾದರೂ ಹೇಳೋಣ ಎಂದು ಬಾಗಿಲವರೆಗೆ ಹೋದೆ. ಒಳಗೆ ಅವಳು ಒಳ್ಳೆಯ ಸೀರೆ ಬಿಚ್ಚಿ ಮಡಚುತ್ತಿದ್ದಳು. ಹಿಂದಕ್ಕೆ ಬಂದು, ಬಸ್ಸಿನ ಹಾರ್ನು ಕೇಳುವವರೆಗೂ ಜಗಲಿಯ ಮೇಲೆ ಕೂತಿದ್ದೆ.